ಅಪ್‌ಡೇಟ್ ಪೂರ್ತಿ ಆಫ್ ಮಾಡಿಬಿಡ್ಲಾ ಸಾರ್?

ಪ್ರಶ್ನೆ: ಸಾರ್, ನಾನು ರಿಟೈರ್ಡ್ ಮೇಷ್ಟ್ರು, ಹಾಸನದವ್ನು. ಪೆನ್ಷನ್ ಕಾಗದ, ಬ್ಯಾಂಕ್ ಕೆಲ್ಸ, ಮೊಮ್ಮಗಳ ಫೋಟೋ ಎಲ್ಲಾ ಮನೇಲಿರೋ ಒಂದೇ ಲ್ಯಾಪ್‌ಟಾಪಲ್ಲಿದೆ. ಮೊನ್ನೆ ರಾತ್ರಿ ಸೆಕ್ಯುರಿಟಿ ಅಪ್‌ಡೇಟ್ ಅಂತ ತಾನೇ ಏನೋ ಇಳಿಸ್ಕೊಳ್ತು, ಬೆಳಿಗ್ಗೆ ಆನ್ ಮಾಡಿದ್ರೆ ನೀಲಿ ಸ್ಕ್ರೀನ್ ಬಂದು ಉದ್ದಕ್ಕೆ ಒಂದು ನಂಬರ್ ಕೇಳ್ತಿದೆ, ನಾನು ಯಾವತ್ತೂ ಲಾಕೇ ಹಾಕಿಲ್ಲ, ಯಾವ ನಂಬರ್ ಕೊಡ್ಲಿ? ರಿಪೇರಿ ಅಂಗಡೀಲಿ ಫಾರ್ಮ್ಯಾಟ್ ಮಾಡದೆ ಬೇರೆ ದಾರಿ ಇಲ್ಲ, ಫೋಟೋ ಆಸೆ ಬಿಡಿ ಅಂದ್ರು. ಕಾಪಾಡೋಕೆ ಬಂದಿದ್ದೇ ಹೀಗ್ ಮಾಡಿದ್ರೆ ಇನ್ಮೇಲೆ ಅಪ್‌ಡೇಟ್ ಪೂರ್ತಿ ಆಫ್ ಮಾಡಿಬಿಡ್ಲಾ?

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರ ಕೈಗೆ ಬಂದ ಕೂಡ್ಲೇ ಫೋನ್ ಮಾಡಿ ಹೇಳಿದ್ನೇ ಇಲ್ಲೂ ಬರೀತಿದೀನಿ, ಬೇರೆಯವರಿಗೂ ಉಪಯೋಗ ಆಗ್ಲಿ ಅಂತ. ಫಾರ್ಮ್ಯಾಟ್ ಮಾಡಿಸ್ಬೇಡಿ. ಆ ನಂಬರ್ ನೀವು ಇಟ್ಟಿದ್ದಲ್ಲ, ಬಿಟ್‌ಲಾಕರ್ (ವಿಂಡೋಸಲ್ಲೇ ಇರೋ ಡಿಸ್ಕ್ ಬೀಗ) ರಿಕವರಿ ಕೀ ಅಂತಾರೆ, 48 ಅಂಕಿ ಇರತ್ತೆ. ಈಗಿನ ಎಷ್ಟೋ ಲ್ಯಾಪ್‌ಟಾಪಲ್ಲಿ ಮೊದಲ ಸಲ ಮೈಕ್ರೋಸಾಫ್ಟ್ ಅಕೌಂಟಿಂದ ಲಾಗಿನ್ ಆದಾಗ್ಲೇ ಡಿಸ್ಕ್ ತಾನಾಗೇ ಎನ್‌ಕ್ರಿಪ್ಟ್ ಆಗಿಬಿಡತ್ತೆ, ಅಂದ್ರೆ ಕೀ ಇಲ್ಲದೆ ಓದೋಕಾಗದ ಹಾಗೆ ಲಾಕ್ ಆಗತ್ತೆ, ಕೀ ಆ ಅಕೌಂಟಿಗೇ ಹೋಗಿ ಸೇರತ್ತೆ. ಮೊಬೈಲಿನ ಬ್ರೌಸರಲ್ಲಿ ಅದೇ ಅಕೌಂಟಿಗೆ ಲಾಗಿನ್ ಆಗಿ, ಡಿವೈಸಸ್ ಅನ್ನೋ ಕಡೆ ನಿಮ್ಮ ಲ್ಯಾಪ್‌ಟಾಪ್ ಹೆಸರಿನ ಹತ್ರ ರಿಕವರಿ ಕೀ ನೋಡಿ. ನೀಲಿ ಸ್ಕ್ರೀನ್ ಮೇಲೆ ಒಂದು ಕೀ ಐಡಿ ಕಾಣತ್ತಲ್ಲ, ಅದಕ್ಕೆ ಹೊಂದೋ ಕೀನೇ ಹಾಕ್ಬೇಕು. ಲ್ಯಾಪ್‌ಟಾಪ್ ಮೊದಲು ಸೆಟಪ್ ಮಾಡ್ಕೊಟ್ಟಿದ್ದು ಮಗನೋ ಅಳಿಯನೋ ಆಗಿದ್ರೆ ಅವರ ಅಕೌಂಟಲ್ಲೂ ಹುಡುಕ್ಸಿ, ಸುಮಾರು ಮನೆಗಳಲ್ಲಿ ಕೀ ಸಿಗೋದು ಅಲ್ಲೇ.

ಲ್ಯಾಪ್‌ಟಾಪಿನ ಬಯೋಸ್ (ಆನ್ ಮಾಡಿದ ಕೂಡ್ಲೇ ವಿಂಡೋಸಿಗಿಂತ ಮೊದಲು ಓಡೋ ಪ್ರೋಗ್ರಾಂ) ಅಪ್‌ಡೇಟ್ ಆದ್ರೂ ಕೆಲವು ಸಲ ಹೀಗೆ ಕೀ ಕೇಳತ್ತೆ, ನಿಮ್ಮದು ಯಾವುದರಿಂದ ಅಂತ ಇಲ್ಲಿ ಕೂತು ಹೇಳಕ್ಕಾಗಲ್ಲ. ಆದ್ರೆ ಅಪ್‌ಡೇಟಿಂದ್ಲೇ ಈ ಸ್ಕ್ರೀನ್ ಬಂದಿದ್ದು ಉಂಟು, 2024ರ ಜುಲೈ ವಿಂಡೋಸ್ ಸೆಕ್ಯುರಿಟಿ ಅಪ್‌ಡೇಟ್ ಆದ್ಮೇಲೆ ಕೆಲವು ಕಂಪ್ಯೂಟರ್‌ಗಳು ಹೀಗೆ ಕೀ ಕೇಳ್ಕೊಂಡು ನಿಂತ್ವು, ಮೈಕ್ರೋಸಾಫ್ಟ್ ಕಂಪನಿನೇ ಒಪ್ಕೊಂಡು ಆಗಸ್ಟಲ್ಲಿ ಸರಿ ಮಾಡ್ತು.

ನಿಮ್ಮ ಸಿಟ್ಟು ನ್ಯಾಯವಾದದ್ದೇ. ನನಗೆ ಇವತ್ತಿಗೂ ಬೇಜಾರಾಗೋದು 2024ರ ಜನವರಿಯ ಕೆಬಿ5034441 ಅನ್ನೋ ವಿಂಡೋಸ್ 10 ಅಪ್‌ಡೇಟ್ ನೆನೆಸ್ಕೊಂಡ್ರೆ. ಕಂಪ್ಯೂಟರ್ ಕೈಗೆ ಸಿಕ್ಕ ಕಳ್ಳ ಬಿಟ್‌ಲಾಕರ್ ತಪ್ಪಿಸಿ ಒಳಗೆ ಹೋಗೋ ಅಂಥ ದೋಷ ಮುಚ್ಚೋಕೆ ಅದು ಬಂದಿದ್ದು, ಉದ್ದೇಶ ಒಳ್ಳೇದೇ. ಆದ್ರೆ ಅದು ಕೂರ್ಬೇಕಂದ್ರೆ ರಿಕವರಿ ಪಾರ್ಟಿಷನಲ್ಲಿ (ವಿಂಡೋಸ್ ರಿಪೇರಿಗಂತ ಡಿಸ್ಕಲ್ಲಿ ಬೇರೆ ಎತ್ತಿಟ್ಟ ಭಾಗ) 250 ಎಂಬಿ ಖಾಲಿ ಜಾಗ ಬೇಕು, ವಿಂಡೋಸ್ ಇನ್‌ಸ್ಟಾಲ್ ಆಗೋವಾಗ ತಾನೇ ಮಾಡ್ಕೊಂಡಿದ್ದ ಪಾರ್ಟಿಷನಲ್ಲಿ ಎಷ್ಟೋ ಜನಕ್ಕೆ ಅಷ್ಟು ಜಾಗನೇ ಇರ್ಲಿಲ್ಲ. ಆಗ ಜಾಗ ಸಾಲ್ತಿಲ್ಲ ಅಂತಾದ್ರೂ ಹೇಳ್ಬೇಕಿತ್ತಲ್ವಾ, ಅದೂ ಇಲ್ಲ, 0ಎಕ್ಸ್80070643 ಅಂತ ಬರೀ ಇನ್‌ಸ್ಟಾಲ್ ಫೇಲ್ ಆಯ್ತು ಅನ್ನೋ ಎರರ್, ಯಾಕಂದ್ರೆ ಎರರ್ ತೋರಿಸೋದ್ರಲ್ಲೂ ದೋಷ ಇತ್ತು. ಜನ ಅದನ್ನ ಮತ್ತೆ ಮತ್ತೆ ರಿಟ್ರೈ ಒತ್ತಿ ಸುಸ್ತಾದ್ರು. ಬಿಟ್‌ಲಾಕರ್ ಬಳಸದೇ ಇದ್ದೋರಿಗೂ ಅದೇ ಗೋಳು. ಪರಿಹಾರ ಅಂತ ಕಂಪನಿ ಕೊಟ್ಟಿದ್ದೇನು ಗೊತ್ತಾ, ಅಡ್ಮಿನ್ ಕಮಾಂಡ್ ಪ್ರಾಂಪ್ಟ್ ತೆಗೀರಿ, ಡಿಸ್ಕ್ ಭಾಗ ಮಾಡೋ ಡಿಸ್ಕ್‌ಪಾರ್ಟ್ ಅನ್ನೋ ಟೂಲ್ ಓಡಿಸಿ, ಸಿ ಡ್ರೈವ್ 250 ಎಂಬಿ ಕುಗ್ಸಿ, ರಿಕವರಿ ಪಾರ್ಟಿಷನ್ ಡಿಲೀಟ್ ಮಾಡಿ, ಮತ್ತೆ ಹೊಸದಾಗಿ ಮಾಡಿ ಅಂತ. ಡಿಸ್ಕ್‌ಪಾರ್ಟಲ್ಲಿ ಒಂದು ನಂಬರ್ ತಪ್ಪು ಒತ್ತಿದ್ರೆ ಬೇರೆ ಪಾರ್ಟಿಷನ್ನೇ ಹೋಗತ್ತೆ, ಇಂಥ ಕೆಲ್ಸನ ಬಿಲ್ ಕಟ್ಟೋಕೆ ಮಾತ್ರ ಕಂಪ್ಯೂಟರ್ ಇಟ್ಕೊಂಡಿರೋ ಮನೆ ಜನಕ್ಕೆ ಹೇಳೋದಾ? ಕೆಲವು ತಿಂಗಳಾದ್ಮೇಲೆ ವಿಂಡೋಸ್ 10ಗೆ ಇದನ್ನ ನಾವು ತಾನಾಗೇ ಸರಿ ಮಾಡೋಕಾಗಲ್ಲ ಅಂದುಬಿಟ್ರು. ಇದು ಸರಿಯಲ್ಲ, ಎಷ್ಟು ಸಲ ಬೇಕಾದ್ರೂ ಹೇಳ್ತೀನಿ.

ಇಷ್ಟಾದ್ರೂ ಆಫ್ ಮಾಡ್ಬೇಡಿ ಅಂತಾನೇ ಹೇಳೋದು. 2017ರ ಮೇ 12ಕ್ಕೆ ವನ್ನಾಕ್ರೈ ಅನ್ನೋ ದುಷ್ಟ ಪ್ರೋಗ್ರಾಂ ಬಂದು ಜಗತ್ತಿನಾದ್ಯಂತ ಫೈಲುಗಳನ್ನ ಲಾಕ್ ಮಾಡಿ ದುಡ್ಡು ಕೇಳ್ತಲ್ಲ, ಅದು ನುಗ್ಗಿದ ತೂತು ಮುಚ್ಚೋ ಅಪ್‌ಡೇಟ್ ಮಾರ್ಚ್ 14ಕ್ಕೇ ಬಂದಿತ್ತು. ಹಾಕ್ಕೊಂಡಿದ್ದೋರು ಉಳ್ಕೊಂಡ್ರು. ನೀವು ಬ್ಯಾಂಕ್ ಕೆಲ್ಸಾನೂ ಅದೇ ಲ್ಯಾಪ್‌ಟಾಪಲ್ಲಿ ಮಾಡ್ತೀರಿ, ಅದನ್ನ ಹಾಗೇ ತೆರೆದಿಡೋಕಾಗಲ್ಲ.

ಆಫ್ ಮಾಡೋ ಬದಲು ಸ್ವಲ್ಪ ತಡ ಮಾಡಿ. ವಿಂಡೋಸಿನ ಸೆಕ್ಯುರಿಟಿ ಅಪ್‌ಡೇಟ್ ಪ್ರತಿ ತಿಂಗಳು ಎರಡನೇ ಮಂಗಳವಾರ ಅಮೆರಿಕದಲ್ಲಿ ಬಿಡ್ತಾರೆ, ನಮಗೆ ಆ ರಾತ್ರಿ ಇಲ್ಲಾ ಬುಧವಾರ. ಸೆಟ್ಟಿಂಗ್ಸಲ್ಲಿ ವಿಂಡೋಸ್ ಅಪ್‌ಡೇಟ್ ಒಳಗೆ ಪಾಸ್ (Pause, ಸ್ವಲ್ಪ ದಿನ ತಡೆಯೋದು) ಅಂತಿದೆ, ಹಿಂದಿನ ದಿನವೇ ಒಂದು ವಾರಕ್ಕೆ ಪಾಸ್ ಮಾಡಿದ್ರೆ ದೊಡ್ಡ ಎಡವಟ್ಟೇನಾದ್ರೂ ಇದ್ರೆ ಅಷ್ಟರಲ್ಲಿ ಗೊತ್ತಾಗಿರತ್ತೆ. ಒಂದು ವಾರ ಸಾಕು, ತಿಂಗಳುಗಟ್ಲೆ ಬೇಡ. ಫೋಟೋ ಮತ್ತೆ ಪೆನ್ಷನ್ ಕಾಗದ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ, ಕಾಪಿ ಆದ್ಮೇಲೆ ಅದನ್ನ ಲ್ಯಾಪ್‌ಟಾಪಿಂದ ಬಿಚ್ಚಿಡಿ. ಆ 48 ಅಂಕಿ ಕೀನ ಪೇಪರ್ ಮೇಲೆ ಬರ್ಕೊಂಡು ಪಾಸ್‌ಬುಕ್ ಜೊತೆ ಇಡಿ, ಲ್ಯಾಪ್‌ಟಾಪ್ ಬ್ಯಾಗಲ್ಲಿ ಮಾತ್ರ ಬೇಡ.

ಪ್ರಶ್ನೆ: ಅಪ್‌ಡೇಟ್ ಹಾಳಾದ್ರೆ ರಿಕವರಿ ಸ್ಕ್ರೀನಿಂದ ತೆಗೀಬೋದು ಅಂತಾರೆ, ಆದ್ರೆ ಅಲ್ಲಿ ಮೌಸೇ ಓಡಲ್ಲ ಅಂತ ಕೇಳಿದೀನಿ, ನಿಜಾನಾ? (ಓದುಗರು, ಧಾರವಾಡ)

ಉತ್ತರ: ಒಂದ್ಸಲ ಹಾಗಾಗಿತ್ತು. 2025ರ ಅಕ್ಟೋಬರ್ 14ರ ವಿಂಡೋಸ್ 11 ಅಪ್‌ಡೇಟ್ ಆದ್ಮೇಲೆ ರಿಕವರಿ ಸ್ಕ್ರೀನಲ್ಲಿ ಯುಎಸ್‌ಬಿ ಮೌಸ್, ಕೀಬೋರ್ಡ್ ಎರಡೂ ಕೆಲ್ಸ ಮಾಡ್ತಿರ್ಲಿಲ್ಲ, ಅಕ್ಟೋಬರ್ 20ಕ್ಕೆ ತುರ್ತು ಅಪ್‌ಡೇಟ್ ಬಿಟ್ಟು ಸರಿ ಮಾಡಿದ್ರು. ಆ ತುರ್ತು ಅಪ್‌ಡೇಟ್ ಹಾಕ್ಕೊಂಡಿದ್ರೆ ಈಗ ತೊಂದ್ರೆ ಇಲ್ಲ. ರಿಕವರಿ ಸ್ಕ್ರೀನಲ್ಲಿ ಟ್ರಬಲ್‌ಶೂಟ್, ಆಮೇಲೆ ಅಡ್ವಾನ್ಸ್ಡ್ ಆಪ್ಷನ್ಸ್, ಅದರಲ್ಲಿ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್, ಅಲ್ಲಿ ಕ್ವಾಲಿಟಿ ಅಪ್‌ಡೇಟ್ (ತಿಂಗಳು ತಿಂಗಳು ಬರೋದು) ಅನ್ನೋದನ್ನೇ ತೆಗೀರಿ, ನಿಮ್ಮ ಫೈಲ್ ಹೋಗಲ್ಲ. ವಿಂಡೋಸನ್ನೇ ಹೊಸದಾಗಿ ಹಾಕೋ ರೀಸೆಟ್ ದಿಸ್ ಪಿಸಿ ಅನ್ನೋದನ್ನ ಮಾತ್ರ ಗಡಿಬಿಡೀಲಿ ಒತ್ಬೇಡಿ.