ಎಂಬಿಬಿಎಸ್ ಮಾಡದೆ ಚರ್ಮದ ಕಾಯಿಲೆಗಳ ಮೇಲೆ ಸಂಶೋಧನೆ ಮಾಡಬಹುದಾ?

ನೀವು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೀರಿ. ಮೆಡಿಕಲ್ ಸೀಟು ಸಿಗಲಿಲ್ಲ, ಆದರೂ ಚರ್ಮದ ಕಾಯಿಲೆಗಳ ಮೇಲೆ ಕೆಲಸ ಮಾಡುವ ಆಸೆ ಹೋಗಿಲ್ಲ. ಡಾಕ್ಟರ್ ಆಗದೆ ಅದು ಸಾಧ್ಯವಾ ಅಂತ ಕೇಳಿದ್ದೀರಿ. ಖಂಡಿತ ಸಾಧ್ಯ. ನಾನೂ ಡಾಕ್ಟರಲ್ಲ. ಬಯೋಟೆಕ್ನಾಲಜಿಯಲ್ಲಿ ಎಂ.ಎಸ್ಸಿ. ಮಾಡಿ, ಆಮೇಲೆ ಪಿಎಚ್‌.ಡಿ. ಮಾಡಿದೆ. ಹನ್ನೊಂದು ವರ್ಷದಿಂದ ಹುಟ್ಟಿನಿಂದಲೇ ಬರುವ ಚರ್ಮದ ಕಾಯಿಲೆಗಳ ಮೇಲೆ ಕೆಲಸ ಮಾಡುತ್ತಿದ್ದೇನೆ.

ಪಿಎಚ್‌.ಡಿ. ಮೊದಲ ವರ್ಷದಲ್ಲಿ ಸ್ಯಾಂಪಲ್ ತರಲು ಒಂದು ಆಸ್ಪತ್ರೆಗೆ ಹೋಗಿದ್ದೆ. ಇಪ್ಪತ್ತು ದಿನದ ಕೂಸು. ಎತ್ತಿಕೊಂಡ ಕಡೆ, ಬಟ್ಟೆ ಉಜ್ಜಿದ ಕಡೆ ಎಲ್ಲ ಬೊಬ್ಬೆ. ಡ್ರಿಪ್ಪಿಗೆ ಅಂಟಿಸಿದ್ದ ಟೇಪು ತೆಗೆದಾಗ ಅದರ ಜೊತೆ ಚರ್ಮವೂ ಎದ್ದು ಬಂದಿತ್ತು. ಎಪಿಡರ್ಮೊಲೈಸಿಸ್ ಬುಲ್ಲೋಸ ಅಂತ ಈ ಕಾಯಿಲೆಯ ಹೆಸರು, ನಾವು ಇಬಿ ಅನ್ನುತ್ತೇವೆ. ಡಾಕ್ಟರ್ ಬಯಾಪ್ಸಿಗೆ ಮುಂಚೆ ಪೆನ್ಸಿಲ್ ರಬ್ಬರ್ ತೆಗೆದುಕೊಂಡು ಕೂಸಿನ ತೊಡೆಯ ಮೇಲೆ ಮೆಲ್ಲಗೆ ತಿರುವಿದರು. ಹಳೆಯ ಬೊಬ್ಬೆ ಮಾಯಲು ಶುರುವಾಗಿರುತ್ತದೆ, ಚರ್ಮ ಯಾವ ಪದರದಲ್ಲಿ ಬಿಟ್ಟಿದೆ ಅಂತ ಅದರಲ್ಲಿ ಗೊತ್ತಾಗುವುದಿಲ್ಲ. ಅದಕ್ಕೇ ಈಗಷ್ಟೇ ಎದ್ದ ಬೊಬ್ಬೆ ಬೇಕು. ಆ ಜಾಗದಿಂದ ತೆಗೆದಿದ್ದು ನಾಲ್ಕು ಮಿಲಿಮೀಟರ್ ಚರ್ಮ.

ಲ್ಯಾಬಿನಲ್ಲಿ ಅದನ್ನು ತೆಳ್ಳಗೆ ಸೀಳಿ, ಒಂದು ನಿರ್ದಿಷ್ಟ ಪ್ರೋಟೀನಿಗೇ ಅಂಟಿಕೊಂಡು ಹೊಳೆಯುವ ಆ್ಯಂಟಿಬಾಡಿ ಹಾಕಿ ನೋಡಿದೆವು. ಟೈಪ್ 7 ಕೊಲಾಜನ್ ಎಂಬ ಪ್ರೋಟೀನ್ ಇರಬೇಕಾದ ಕಡೆ ಹಸಿರು ಗೆರೆ ಕಾಣಬೇಕಿತ್ತು. ಬರೀ ಕತ್ತಲೆ. ಮೇಲ್ಚರ್ಮವನ್ನು ಒಳಚರ್ಮಕ್ಕೆ ಬಿಗಿದು ಹಿಡಿಯುವ ಕೊಂಡಿ ಅದು. ಆ ಕೊಂಡಿಯೇ ಇರಲಿಲ್ಲ.

ತಾಯಿ ಮದುವೆಯಾಗಿದ್ದು ಸೋದರಮಾವನನ್ನು. ನಮ್ಮ ಕಡೆ ಇದು ಎಷ್ಟು ಮಾಮೂಲಿ ಅಂತ ನಿಮಗೂ ಗೊತ್ತು. ಇಬ್ಬರಲ್ಲೂ ಈ ಕೊಲಾಜನ್ ಮಾಡಿಸುವ ಜೀನಿನ ಒಂದು ಪ್ರತಿ ಕೆಟ್ಟಿತ್ತು, ಇನ್ನೊಂದು ಚೆನ್ನಾಗಿದ್ದಿದ್ದರಿಂದ ಇಬ್ಬರೂ ಆರೋಗ್ಯವಾಗಿದ್ದರು. ಮಗುವಿಗೆ ಕೆಟ್ಟ ಪ್ರತಿಗಳೇ ಎರಡೂ ಬಂದವು. "ಮುಂದಿನ ಮಗುವಿಗೂ ಹೀಗೇ ಆಗುತ್ತದಾ?" ಅಂತ ಆಕೆ ಕೇಳಿದಳು. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಜೀನಿನಲ್ಲಿ ತಪ್ಪು ಎಲ್ಲಿದೆ ಅಂತ ಹುಡುಕಿಕೊಟ್ಟರೆ ಬಸಿರಿನ ಮೊದಲ ತಿಂಗಳುಗಳಲ್ಲೇ ಪರೀಕ್ಷೆ ಮಾಡಬಹುದು. ಹುಡುಕಿಕೊಡುವ ಆ ಕೆಲಸ ನಮ್ಮಂಥವರದು.

ಡಾಕ್ಟರಲ್ಲದವರು ಈ ಕ್ಷೇತ್ರಕ್ಕೆ ಏನು ಕೊಡಬಲ್ಲರು ಅನ್ನುವುದಕ್ಕೆ ಅಮೆರಿಕದ ವಿಜ್ಞಾನಿ ಎಲೈನ್ ಫುಕ್ಸ್ ಅವರನ್ನು ನೋಡಿ. ಅವರು ಓದಿದ್ದು ಬಯೋಕೆಮಿಸ್ಟ್ರಿ. ಚಿಕಾಗೋದಲ್ಲಿ ಅವರ ತಂಡ ಇಲಿಗಳಲ್ಲಿ ಮೇಲ್ಚರ್ಮದ ಕೆರಾಟಿನ್ 14 ಎಂಬ ಪ್ರೋಟೀನನ್ನು ಕೆಡಿಸಿ ನೋಡಿತು. ಇಲಿಗಳಿಗೆ ಬೊಬ್ಬೆ ಎದ್ದವು. ಮನುಷ್ಯರ ಯಾವ ಕಾಯಿಲೆ ಹೀಗಿರುತ್ತದೆ ಅಂತ ಹುಡುಕಿದಾಗ ಸಿಕ್ಕಿದ್ದು ಇಬಿಯ ಒಂದು ಬಗೆ. 1991ರಲ್ಲೇ ರೋಗಿಗಳ ಜೀನಿನಲ್ಲೂ ಅದೇ ಥರದ ತಪ್ಪು ಕಂಡುಬಂತು. ಅಲ್ಲಿಂದ 2017ಕ್ಕೆ ಬನ್ನಿ. ಜರ್ಮನಿಯಲ್ಲಿದ್ದ, ಇಬಿ ಇದ್ದ ಸಿರಿಯಾದ ಏಳು ವರ್ಷದ ಹುಡುಗನಿಗೆ ಇಟಲಿಯ ಮಿಕೆಲೆ ದೆ ಲೂಕಾ ಅವರ ತಂಡ ಅವನದೇ ಕೋಶಗಳ ಜೀನ್ ಸರಿಮಾಡಿ, ಚರ್ಮ ಬೆಳೆಸಿಕೊಟ್ಟಿದ್ದನ್ನು ಪ್ರಕಟಿಸಿತು. ಅವನ ಮೈಯ ಸುಮಾರು 80% ಮೇಲ್ಚರ್ಮ ಹೊಸದು. 2023ರಲ್ಲಿ ಇಬಿ ಗಾಯದ ಮೇಲೆ ಹಚ್ಚುವ, ಸರಿಯಾದ ಜೀನ್ ಇರುವ ಜೆಲ್ ಔಷಧಿಗೂ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದನ್ನು ಓದಿದ ದಿನ ನನಗೆ ಆ ಕೂಸಿನ ತೊಡೆಯೇ ಕಣ್ಣ ಮುಂದೆ ಬಂತು.

ಕಷ್ಟವನ್ನೂ ಹೇಳಬೇಕು ಅಲ್ವಾ? ಮೇಲ್ಚರ್ಮದ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸುವುದು ಸುಮ್ನೆ ಬರುವ ವಿದ್ಯೆಯಲ್ಲ. ಕ್ಯಾಲ್ಸಿಯಂ ಸ್ವಲ್ಪ ಜಾಸ್ತಿಯಾದರೂ ಅವು ಬಲಿತು, ಒಂದು ಎರಡಾಗಿ ಹೆಚ್ಚುವುದನ್ನೇ ನಿಲ್ಲಿಸುತ್ತವೆ. ಬೇರೆ ಕೋಶಗಳಿಗೆ ಪೋಷಣೆಗೆ ಹಾಕುವ ಸೀರಮ್ಮನ್ನೇ (ರಕ್ತದಿಂದ ತೆಗೆದ ದ್ರವ) ನಾನು ಇವಕ್ಕೂ ಹಾಕುತ್ತಿದ್ದೆ. ಅದರಲ್ಲೇ ಕ್ಯಾಲ್ಸಿಯಂ ಇರುತ್ತದೆ ಅಂತ ಹೊಳೆಯುವಷ್ಟರಲ್ಲಿ ಐದು ತಿಂಗಳು ಹೋಗಿತ್ತು, ಇನ್ನೊಮ್ಮೆ ಕೇಳಲಾಗದ ಸ್ಯಾಂಪಲ್‌ಗಳೂ ಹೋಗಿದ್ದವು. ಇವತ್ತಿಗೂ ಅದು ನನಗೆ ನೋವು.

ದುಡ್ಡಿನ ವಿಷಯ: ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಪಿಎಚ್‌.ಡಿ. ಮಾಡುವವರಿಗೆ ಕೊಡುವ ಫೆಲೋಶಿಪ್) ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. 2023ರಿಂದ ಇರುವ ದರ ಇದು. ಪಿಎಚ್‌.ಡಿ. ಆದಮೇಲೆ ಕಾಯಂ ಕೆಲಸಕ್ಕೆ ಕೆಲವು ವರ್ಷ ಕಾಯಬೇಕಾಗಬಹುದು. ಮನೆಯವರಿಗೆ ಇದನ್ನು ಮೊದಲೇ ಹೇಳಿಡಿ.

ಜಾಗಗಳೇನು ದೂರ ಇಲ್ಲ. ಬೆಂಗಳೂರಿನಲ್ಲೇ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ, ಸ್ಟೆಮ್ ಸೆಲ್ ಸಂಶೋಧನೆಯ ಇನ್‌ಸ್ಟೆಮ್ ಇದೆ. ತೊನ್ನು, ಚರ್ಮದ ಬಣ್ಣ ಇಷ್ಟವಾದರೆ ದೆಹಲಿಯ ಜೀನ್ ಸಂಶೋಧನಾ ಸಂಸ್ಥೆ ಐಜಿಐಬಿ ನೋಡಿ. ಎಲ್ಲಿ ಸೇರಿದರೂ ವಾರಕ್ಕೊಂದು ದಿನ ಚರ್ಮದ ಓಪಿಡಿಯಲ್ಲಿ ಕೂರಲು ಬಿಡುತ್ತಾರಾ ಅಂತ ಗೈಡನ್ನು ಕೇಳಿ. ನಾನಾದರೆ ಲ್ಯಾಬಿನ ಹೆಸರಿಗಿಂತ ಅದಕ್ಕೇ ಜಾಸ್ತಿ ಬೆಲೆ ಕೊಡುತ್ತೇನೆ.

ಸದ್ಯಕ್ಕೆ, ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿ. ಎರಡು ತಿಂಗಳು ನಿಜವಾದ ಲ್ಯಾಬಿನಲ್ಲಿ ಇರಬಹುದು. ಅರ್ಜಿಯಲ್ಲಿ ಏನು ಬರೆಯಬೇಕು ಅಂತ ತೋಚದಿದ್ದರೆ ಇಲ್ಲೇ ಕೇಳಿ, ಓದಿ ಹೇಳುತ್ತೇನೆ.