ಹಿಯರಿಂಗ್ ಏಡ್ ಹಾಕಿದ್ರೂ ಗದ್ದಲದಲ್ಲಿ ಮಾತು ಯಾಕೆ ತಿಳಿಯಲ್ಲ?

ಅಪ್ಪನಿಗೆ ಹಿಯರಿಂಗ್ ಏಡ್ ಹಾಕಿಸಿ ಎರಡು ವಾರ ಆಯ್ತು, ಮನೇಲಿ ಪರವಾಗಿಲ್ಲ, ನಾಲ್ಕು ಜನ ಸೇರಿದ ಕಡೆ ಏನೂ ತಿಳಿಯಲ್ಲ, ದುಡ್ಡು ದಂಡವಾಯ್ತಾ ಅಂತ ಕೇಳಿದ್ದೀರಿ. ದಂಡ ಆಗಿಲ್ಲ. ಆರು ವರ್ಷದಿಂದ ಎರಡೂ ಕಿವಿಗೆ ಹಾಕಿಕೊಳ್ಳುತ್ತಿರುವವನಾಗಿ ಹೇಳುತ್ತಿದ್ದೇನೆ.

ಕನ್ನಡಕ ಹಾಕಿದ ತಕ್ಷಣ ಅಕ್ಷರ ಕಾಣುತ್ತದಲ್ಲ, ಇದು ಹಾಗಲ್ಲ. ಸದ್ದನ್ನು ಗ್ರಹಿಸುವ ಒಳಕಿವಿಯ ಸೂಕ್ಷ್ಮ ಕೂದಲು ಕೋಶಗಳು ಹಾಳಾಗಿದ್ದರೆ, ಯಂತ್ರ ಹಾಕಿದಾಗ ಶಬ್ದ ಜೋರಾಗುತ್ತದೆ, ಆದರೆ ಸ್ಪಷ್ಟತೆ ಅಷ್ಟು ಬರಲ್ಲ. ಅದರಲ್ಲೂ 'ಸ', 'ಫ', 'ತ' ತರಹದ ಸಣ್ಣ ಸದ್ದುಗಳು ಗದ್ದಲದಲ್ಲಿ ಮುಳುಗಿಹೋಗುತ್ತವೆ. ಮೊದಲ ವಾರ ನನಗೆ ಪೇಪರ್ ಮಡಚುವ ಸದ್ದೇ ತಲೆ ಚಿಟ್ಟು ಹಿಡಿಸಿತ್ತು! ಮೆದುಳಿಗೆ ಇದೆಲ್ಲ ರೂಢಿಯಾಗಲು ಕೆಲವು ವಾರ, ಕೆಲವರಿಗೆ ತಿಂಗಳುಗಳೇ ಬೇಕು. ಅದಕ್ಕೇ ದಿನವೂ ಹಾಕಬೇಕು. ಸುಮ್ನೆ ಡಬ್ಬಿಯಲ್ಲಿಟ್ಟು ಹೊರಗೆ ಹೋಗುವಾಗ ಮಾತ್ರ ಹಾಕಿದರೆ ರೂಢಿ ಆಗೋದೇ ಇಲ್ಲ.

ಜನ ಸೇರಿದ ಕಡೆ ಅಪ್ಪನನ್ನು ಗೋಡೆಗೆ ಬೆನ್ನು ಮಾಡಿ ಕೂರಿಸಿ. ಗದ್ದಲ ಬೆನ್ನ ಹಿಂದಿರಲ್ಲ, ಎದುರಿನವರ ತುಟಿಯೂ ಕಾಣುತ್ತದೆ. ಮಾತಾಡುವವರು ಒಂದೆರಡು ಮೀಟರ್ ಒಳಗಿರಲಿ. ಕಿರುಚೋದು ಬೇಡ, ಸ್ವಲ್ಪ ನಿಧಾನವಾಗಿ ಹೇಳಿದರೆ ಸಾಕು.

ಮತ್ತೆ ಆಡಿಯಾಲಜಿಸ್ಟ್ (ಕಿವಿ ಪರೀಕ್ಷಿಸಿ ಯಂತ್ರ ಹೊಂದಿಸಿಕೊಡುವವರು) ಹತ್ತಿರ ಹೋಗಿ, ಎಲ್ಲೆಲ್ಲಿ ಕಷ್ಟವಾಯ್ತು ಅಂತ ಬರೆದುಕೊಂಡು ಹೋಗಿ. ಒಂದೇ ಸಲಕ್ಕೆ ಸೆಟ್ಟಿಂಗ್ ಸರಿಹೋಗೋದು ಅಪರೂಪ. ಕುಂಯ್ ಅಂತ ಶಿಳ್ಳೆ ಬರುತ್ತಿದ್ದರೆ ಕಿವಿಯಲ್ಲಿ ಗುಗ್ಗೆ ಇದೆಯಾ, ಇಯರ್ ಟಿಪ್ (ಕಿವಿಯೊಳಗೆ ಕೂರುವ ತುದಿ) ಸಡಿಲವಾಗಿದೆಯಾ ಅಂತಲೂ ತೋರಿಸಿ. ಒಂದೇ ಕಿವಿಗೆ ಹಾಕಿಸಿದ್ದೀರಾ, ಎರಡಕ್ಕೂನಾ? ನೀವು ಬರೆದಿಲ್ಲ. ಎರಡೂ ಕಿವಿ ಮಂದವಾಗಿದ್ದರೆ ಗದ್ದಲದಲ್ಲಿ ಒಂದೇ ಯಂತ್ರದಿಂದ ಕಷ್ಟ ಜಾಸ್ತಿ.