ಎರಡನೇ ಮಹಾಯುದ್ಧದ ಲ್ಯಾಂಕಾಸ್ಟರ್ ಬಾಂಬರ್ ಹಾರುವುದನ್ನು ಈಗಲೂ ನೋಡಬಹುದಾ?

ನೋಡಬಹುದು. ಆದರೆ ಒಟ್ಟು ತಯಾರಾದ 7,377 ಲ್ಯಾಂಕಾಸ್ಟರ್‌ಗಳಲ್ಲಿ ಹಾರುವ ಸ್ಥಿತಿಯಲ್ಲಿ ಉಳಿದಿರುವುದು ಎರಡೇ ಎರಡು. ಒಂದು ಇಂಗ್ಲೆಂಡಿನ ಲಿಂಕನ್‌ಶೈರ್‌ನ ಕೋನಿಂಗ್ಸ್‌ಬಿ ವಾಯುನೆಲೆಯಲ್ಲಿದೆ, ಇನ್ನೊಂದು ಕೆನಡಾದ ಹ್ಯಾಮಿಲ್ಟನ್‌ನ ಮ್ಯೂಸಿಯಂನಲ್ಲಿ. 2014ರಲ್ಲಿ ಕೆನಡಾದ ವಿಮಾನ ಅಟ್ಲಾಂಟಿಕ್ ದಾಟಿ ಬಂದು ಎರಡೂ ಜೊತೆಯಾಗಿ ಹಾರಿದ್ದವು.

ಹೋದರೆ ಎಂಜಿನ್ ಸ್ಟಾರ್ಟ್ ಮಾಡುವ ಹೊತ್ತಿಗೇ ಅಲ್ಲಿರಿ, ತಪ್ಪಿಸಿಕೊಳ್ಳಬೇಡಿ. ನಾಲ್ಕು ಮರ್ಲಿನ್ ಎಂಜಿನ್, ತಲಾ 12 ಸಿಲಿಂಡರ್, ಒಂದಾದ ಮೇಲೊಂದು ಕೆಮ್ಮಿ, ಭುಸ್ ಅಂತ ಹೊಗೆ ಬಿಟ್ಟು ಶುರುವಾಗುತ್ತವೆ. ನಾಲ್ಕೂ ಒಟ್ಟಿಗೆ ಓಡತೊಡಗಿದಾಗ ಆ ಸದ್ದು ಎದೆಗೇ ಬಡಿಯುತ್ತದೆ, ಯಾವ ವಿಡಿಯೋದಲ್ಲೂ ಅದು ಸಿಗುವುದಿಲ್ಲ.

ಸುಮ್ನೆ ಏರ್ ಶೋ ಅಂತ ಮಾತ್ರ ನೋಡಬೇಡಿ. ಆ ಇಕ್ಕಟ್ಟಿನಲ್ಲಿ ಏಳು ಜನ ರಾತ್ರಿಯಿಡೀ ಕೂತು ಹೋಗುತ್ತಿದ್ದರು, ಹಿಂಬದಿಯ ಗನ್ನರ್ ಅಂತೂ ಚಳಿಯಲ್ಲಿ ಒಬ್ಬನೇ. ಈ ಬಾಂಬರ್‌ಗಳನ್ನು ಹಾರಿಸುತ್ತಿದ್ದ ಬ್ರಿಟನ್ ವಾಯುಪಡೆಯ ವಿಭಾಗ, ಅಂದರೆ ಬಾಂಬರ್ ಕಮಾಂಡ್‌ನಲ್ಲಿ, ಆ ಯುದ್ಧದಲ್ಲಿ ಸತ್ತವರು 55,573 ಜನ. ಕೆಳಗೆ ಜರ್ಮನಿಯ ಊರುಗಳಲ್ಲಿ ಸತ್ತ ಸಾಮಾನ್ಯ ಜನ ಅದಕ್ಕಿಂತ ಎಷ್ಟೋ ಜಾಸ್ತಿ.

ಟಿಕೆಟ್ ಮಾಡಿಸುವ ಮೊದಲು ಹಾರಾಟದ ವೇಳಾಪಟ್ಟಿ ನೋಡಿ. ಗಾಳಿ ಜೋರಿದ್ದರೆ ಹಾರಿಸುವುದಿಲ್ಲ, ದೊಡ್ಡ ರಿಪೇರಿಗೆ ನಿಂತರೆ ತಿಂಗಳುಗಟ್ಟಲೆ ಹ್ಯಾಂಗರ್‌ನಲ್ಲೇ ಇರುತ್ತವೆ.